ಷಡ್ಡಕರ ಹಳದಿ ಕಾರು

ಆ ಕಾರನ್ನು ಎಬ್ಬಿಸಿ ನಿಲ್ಲಿಸಿದ್ದು ಪ್ರೀತಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬರೀ ಪ್ರೀತಿಯಾಗಿದ್ದರೆ ಕೆಲಸ ಆರು ತಿಂಗಳಲ್ಲಿ ಮುಗಿದು, ಅಲ್ಲೊಂದು ಕಡೆ ಬಣ್ಣ ಇಳಿದು, ಇಲ್ಲೊಂದು ಕಡೆ ಸ್ಕ್ರೂ ಕಳೆದು, ಹೇಗೋ ಏನೋ ಹೊರಗೆ ಬಂದಿರುತ್ತಿತ್ತು. ಮೂರು ವರ್ಷ ಹಿಡಿದು, ಮುಖ ನೋಡಿಕೊಂಡು ತಲೆ ಬಾಚುವಷ್ಟು ಅದನ್ನು ಹೊಳೆಸಿದ್ದು ಇಬ್ಬರು ಷಡ್ಡಕರ ನಡುವಿನ ಹಗೆ.

ದೊಡ್ಡ ಅಳಿಯನಿಗೆ ಕನ್ನಡಕದ ಅಂಗಡಿ. ಚಿಕ್ಕ ಅಳಿಯ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ಅಕ್ಕತಂಗಿಯರನ್ನು ಮದುವೆಯಾಗಿದ್ದ ಈ ಇಬ್ಬರಿಗೆ ಎಷ್ಟೋ ವರ್ಷಗಳಿಂದ ಮಾತುಕತೆ ಇರಲಿಲ್ಲ. ಮೇಷ್ಟ್ರ ಬಾಯಲ್ಲಿ ಅವನು ‘ಕನ್ನಡಕದವನು’. ಅವನ ಬಾಯಲ್ಲಿ ಇವರು ‘ಚಾಕ್‌ಪೀಸು’. ಜಗಳದ ಮೂಲವೂ ಅದೇ ಕಾರು. ಮಾವ ಬದುಕಿದ್ದಾಗ ಅದರ ಬೀಗದಕೈಯನ್ನು ನಂಬಿ ಕೊಡುತ್ತಿದ್ದದ್ದು ಮೇಷ್ಟ್ರಿಗೆ ಒಬ್ಬರಿಗೇ. ಒಂದು ದಿನ ಕನ್ನಡಕದವನು ಹೇಳದೆ ಕೇಳದೆ ಕಾರು ತೆಗೆದುಕೊಂಡು ಹೋಗಿ, ಬಾಗಿಲನ್ನು ಯಾವುದೋ ಕಂಬಕ್ಕೆ ಉಜ್ಜಿಸಿಕೊಂಡು ಬಂದು, ಸದ್ದಿಲ್ಲದೆ ಷೆಡ್ಡಿನಲ್ಲಿ ನಿಲ್ಲಿಸಿದ. ಊಟಕ್ಕೆ ಕೂತಾಗ, “ಮೇಷ್ಟ್ರು ಸ್ವಲ್ಪ ನೋಡ್ಕೊಂಡು ಓಡಿಸಬೇಕಿತ್ತು” ಎಂದು ತಣ್ಣಗೆ ಅಂದ. ಮಾವ ನಂಬಿಬಿಟ್ಟರು. ಬೀಗದಕೈ ಅವತ್ತೇ ಬೀರು ಸೇರಿತು. ಮೇಷ್ಟ್ರ ಹೊಟ್ಟೆಯಲ್ಲಿ ಅವತ್ತು ಹೊತ್ತಿಕೊಂಡದ್ದು ಆಮೇಲೆ ಆರಲೇ ಇಲ್ಲ.

ಕಾರು ಅಂಥಿಂಥದ್ದಲ್ಲ. ಕಂಪನಿ ಮುನ್ನೂರೇ ಮುನ್ನೂರು ಮಾಡಿ ಅಚ್ಚನ್ನು ಒಡೆದುಹಾಕಿತ್ತು. ಬಾಗಿಲಿನ ಒಳಗೆ ಹಿತ್ತಾಳೆಯ ಸಣ್ಣ ತಗಡಿನ ಮೇಲೆ ಇದರ ನಂಬರು ಕೊರೆದಿತ್ತು. ಎರಡೇ ಸೀಟು, ನೆಲಕ್ಕೆ ತಾಗಿದಂಥ ಮೈ, ಉದ್ದ ಮೂತಿ, ನಿಂಬೆಹಣ್ಣಿನ ಬಣ್ಣ. ಮೈಯೆಲ್ಲ ಫೈಬರ್. ಒಡೆದರೆ ಬದಲಿ ಎಲ್ಲೂ ಸಿಗದು. ಮನೆಯಲ್ಲಿ ಯಾರೂ ಅದನ್ನು ಕಾರು ಎನ್ನುತ್ತಿರಲಿಲ್ಲ, ‘ಹಳದಿ’ ಅಂತಲೇ ಕರೆಯುತ್ತಿದ್ದರು. ಮಾವ ಹಾಸಿಗೆ ಹಿಡಿದ ಮೇಲೆ ಹಳದಿಯೂ ಮಲಗಿತು. ಸೀಟಿನೊಳಗೆ ಇಲಿಗಳು ಸಂಸಾರ ಹೂಡಿದವು, ವೈರುಗಳನ್ನು ಕತ್ತರಿಸಿದವು, ಮೈಯ ಕೆಳಗಿನ ಕಬ್ಬಿಣದ ಚಾಸಿಗೆ ತುಕ್ಕು ಹಿಡಿಯಿತು. ಸಾಯುವ ಮೊದಲು ಮಾವ ಇಬ್ಬರು ಅಳಿಯಂದಿರನ್ನೂ ಹತ್ತಿರ ಕರೆದು, “ಇಬ್ಬರೂ ಸೇರಿ ಎಬ್ಬಿಸಿ” ಎಂದರು. ಎಬ್ಬಿಸಿದ ಮೇಲೆ ಯಾರಿಗೆ ಎಂಬುದನ್ನು ಹೇಳದೆ ಕಣ್ಣು ಮುಚ್ಚಿದರು.

ಅದನ್ನು ಅತ್ತೆ ಹೇಳಿದರು. “ಕೆಲಸ ಮುಗಿದ ದಿನ ನಾನು ನೋಡ್ತೀನಿ. ಯಾರಿಗೆ ಕೊಡಬೇಕು ಅನ್ಸುತ್ತೋ ಅವರಿಗೆ ಕೊಡ್ತೀನಿ. ಇನ್ನೊಬ್ಬರು ಆಮೇಲೆ ಷೆಡ್ಡಿಗೆ ಕಾಲಿಡೋ ಹಾಗಿಲ್ಲ. ಅಲ್ಲೀವರೆಗೆ ಇಬ್ಬರೂ ಕೈ ಕೆಸರು ಮಾಡ್ಕೊಳ್ಳಿ, ಬಾಯಿ ಮಾತ್ರ ಬೇಡ.”

ಹೀಗೆ ಶನಿವಾರ ಮೇಷ್ಟ್ರದಾಯಿತು, ಭಾನುವಾರ ಕನ್ನಡಕದವನದು. ಒಬ್ಬರ ಮುಖ ಒಬ್ಬರು ನೋಡುವ ಪ್ರಮೇಯವೇ ಇಲ್ಲ. ಆದರೆ ಕೆಲಸ ನೋಡಬಹುದಲ್ಲ! ಕನ್ನಡಕದವನು ಅಂಗಡಿಯಿಂದ ಭೂತಗನ್ನಡಿ ತಂದು ಮೇಷ್ಟ್ರು ಹಚ್ಚಿದ ಬಣ್ಣವನ್ನು ಅಂಗುಲ ಅಂಗುಲ ಜಾಲಾಡುತ್ತಿದ್ದ. ಒಂದು ಧೂಳಿನ ಕಣ ಸಿಕ್ಕಿದರೆ ಸಾಕು, ಹೆಂಡತಿಯ ಕೈಲಿ ನಾದಿನಿಗೆ ಫೋನ್ ಮಾಡಿಸಿ, “ನಿಮ್ಮ ಮನೆಯವರು ಬಣ್ಣದ ಜತೆ ರಸ್ತೆ ಮಣ್ಣೂ ಬಳಿದಿದಾರಂತೆ” ಎಂದು ಮುಟ್ಟಿಸುತ್ತಿದ್ದ. ಮೇಷ್ಟ್ರೇನು ಕಡಿಮೆಯೇ? ಅವನು ಕೂರಿಸಿದ ಬಾಗಿಲಿನ ಸಂದು ಮೇಲೆ ಬೆರಳಗಲ, ಕೆಳಗೆ ಉಗುರಗಲ ಇದೆ ಎಂದು ಅದರ ಸುತ್ತ ಸೀಮೆಸುಣ್ಣದಲ್ಲಿ ದೊಡ್ಡ ಸೊನ್ನೆ ಎಳೆದು, ಸೊನ್ನೆಯ ಕೆಳಗೆ ‘ಮತ್ತೆ ಮಾಡು’ ಎಂದು ಬರೆದು ಮನೆಗೆ ಹೋಗುತ್ತಿದ್ದರು. ಮುಂದಿನ ಶನಿವಾರಕ್ಕೆ ಸೊನ್ನೆ ಅಳಿಸಿರುತ್ತಿತ್ತು. ಸಂದು ನೂಲು ಹಿಡಿದ ಹಾಗೆ ನೇರವಾಗಿರುತ್ತಿತ್ತು. ಅದನ್ನು ಕಂಡು ಮೇಷ್ಟ್ರಿಗೆ ಇನ್ನಷ್ಟು ಉರಿಯುತ್ತಿತ್ತು.

ಹೀಗಾಗಿ ಹಳದಿಯ ಮೈಮೇಲೆ ಅಡ್ಡಾದಿಡ್ಡಿ ಕೆಲಸ ಒಂದೂ ಉಳಿಯಲಿಲ್ಲ. ಕಾರ್ಬೊರೇಟರನ್ನು ಒಬ್ಬ ಬಿಚ್ಚಿ ತೊಳೆದರೆ ಇನ್ನೊಬ್ಬ ಅದನ್ನೇ ಮತ್ತೆ ಬಿಚ್ಚಿ ತೊಳೆದ. ಸೀಟಿನ ಹೊಲಿಗೆಯನ್ನು ಮೇಷ್ಟ್ರು ನಾಲ್ಕು ಸಲ ಬಿಚ್ಚಿಸಿದರು. ಆದರೂ, ಯಾರೂ ಇಲ್ಲದ ಹೊತ್ತಿನಲ್ಲಿ ಮೇಷ್ಟ್ರು ನೀರು ಹಾಕಿಕೊಂಡು ಎಮರಿ ಪೇಪರಿನಲ್ಲಿ ಮೂತಿಯನ್ನು ತಿಕ್ಕುತ್ತ, ಕಣ್ಣು ಮುಚ್ಚಿ, ಅಂಗೈ ಸವರಿ ಉಬ್ಬುತಗ್ಗು ಹುಡುಕುವಾಗ, ಹಗೆ ಗಿಗೆ ಎಲ್ಲ ಮರೆತು ಅವರ ಮುಖ ಮೆತ್ತಗಾಗುತ್ತಿತ್ತು. ಈ ಕಾರು ನನ್ನದು, ನನಗೇ ಸಿಗಬೇಕು, ಸಿಗದಿದ್ದರೆ ನಾನು ಉಳಿಯೋಲ್ಲ ಎಂದು ಆಗ ಅವರಿಗೆ ಖಂಡಿತವಾಗಿ ಅನಿಸುತ್ತಿತ್ತು.

ಕೊನೆಗೆ ಉಳಿದದ್ದು ಬ್ರೇಕು. ಹೊಸ ಪೈಪು ಹಾಕಿದ ಮೇಲೆ ಒಳಗೆ ಸೇರಿಕೊಂಡ ಗಾಳಿಯನ್ನೆಲ್ಲ ಹೊರಗೆ ತೆಗೆಯಬೇಕು. ಗಾಳಿ ಉಳಿದರೆ ಪೆಡಲು ಒತ್ತಿದಾಗ ಗಾಳಿ ಕುಗ್ಗುತ್ತದೆಯೇ ಹೊರತು ಚಕ್ರ ನಿಲ್ಲುವುದಿಲ್ಲ. ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬ ಒಳಗೆ ಕೂತು ಪೆಡಲು ಒತ್ತಿ ಹಿಡಿಯಬೇಕು, ಇನ್ನೊಬ್ಬ ಚಕ್ರದ ಬಳಿ ಮಲಗಿ, ನಿಪ್ಪಲ್ ಅನ್ನುವ ಪುಟ್ಟ ತಿರುಪನ್ನು ಸಡಿಲಿಸಿ, ಗಾಳಿ ಬಿಟ್ಟು, ಮತ್ತೆ ಬಿಗಿಯಬೇಕು. ಬಿಗಿಯುವ ಮೊದಲೇ ಪೆಡಲು ಬಿಟ್ಟರೆ ಹೋದ ಗಾಳಿ ಹಾಗೇ ಹಿಂದಕ್ಕೆ ಬರುತ್ತದೆ. ಕನ್ನಡಕದವನು ಪೆಡಲಿನ ಮೇಲೆ ಇಟ್ಟಿಗೆ ಇಟ್ಟು ನೋಡಿದ. ಮೇಷ್ಟ್ರು ಸೀಟಿಗೂ ಪೆಡಲಿಗೂ ನಡುವೆ ದೊಣ್ಣೆ ಸಿಕ್ಕಿಸಿ ನೋಡಿದರು. ಇಬ್ಬರೂ ಮೈಮೇಲೆಲ್ಲ ಬ್ರೇಕ್ ಆಯಿಲ್ ಚೆಲ್ಲಿಕೊಂಡದ್ದೇ ಬಂತು.

“ಒಬ್ಬರು ಒತ್ತಿ, ಒಬ್ಬರು ಬಿಚ್ಚಿ. ಇಷ್ಟಕ್ಕೆ ನಾನು ಪಂಚಾಯಿತಿ ಸೇರಿಸಬೇಕಾ?” ಎಂದು ಅತ್ತೆ ಗದರಿದರು.

ಆ ಶನಿವಾರ ಇಬ್ಬರೂ ಒಟ್ಟಿಗೆ ಷೆಡ್ಡಿಗೆ ಬಂದರು. ಮೇಷ್ಟ್ರು ಸೀಟಿನಲ್ಲಿ, ಕನ್ನಡಕದವನು ಕೆಳಗೆ. ಎಷ್ಟೋ ವರ್ಷಗಳ ಮೇಲೆ ಅವನು ಇವರೊಂದಿಗೆ ಆಡಿದ ಮಾತು ಮೂರೇ: ಒತ್ತು, ಹಿಡಿ, ಬಿಡು. ಅದೂ ಏಕವಚನದಲ್ಲಿ, ಆಳಿಗೆ ಹೇಳುವ ಹಾಗೆ. ಮೇಷ್ಟ್ರು ಹಲ್ಲು ಕಚ್ಚಿಕೊಂಡು ಒತ್ತಿದರು, ಹಿಡಿದರು, ಬಿಟ್ಟರು. ಮೂರು ಚಕ್ರ ಮುಗಿಯಿತು. ನಾಲ್ಕನೆಯದರ ಬಳಿ ಮಲಗಿಕೊಂಡು ಕನ್ನಡಕದವನು ಬಾಯಿ ಬಿಟ್ಟ.

“ನಾಳೆ ನಾನೇ ಓಡಿಸ್ತೀನಿ. ಗೇಟಿನಿಂದ ಇಳಿದು, ರಸ್ತೆ ಸುತ್ತಿ ವಾಪಸ್. ಅತ್ತೆ ಜಗಲಿ ಮೇಲಿಂದ ನೋಡಲಿ. ಒತ್ತು. ಹಿಡಿ. ನಿನಗೆ ಈ ಕಾರಿನ ಯೋಗ ಇಲ್ಲ ಕಣೋ ಚಾಕ್‌ಪೀಸು. ಬಾಗಿಲು ಉಜ್ಜಿದ್ದು ನೀನೇ ಅಂತ ಮಾವ ಸಾಯೋವರೆಗೂ ನಂಬಿದ್ರು, ಗೊತ್ತಾ?” ಎಂದು ನಕ್ಕ.

ನಿಪ್ಪಲ್ ಇನ್ನೂ ಸಡಿಲಾಗೇ ಇತ್ತು. ಮೇಷ್ಟ್ರು ಕಾಲು ಎತ್ತಿದರು. ಕೆಳಗೆ ಗುಳಕ್ ಎಂದು ಸಣ್ಣ ಸದ್ದಾಯಿತು. ನಗುವಿನ ಭರದಲ್ಲಿ ಅದು ಕನ್ನಡಕದವನ ಕಿವಿಗೆ ಬೀಳಲಿಲ್ಲ. ನಿಪ್ಪಲ್ಲಿಗೆ ಸಿಕ್ಕಿಸಿದ್ದ ರಬ್ಬರ್ ಪೈಪಿನ ತುದಿ, ಸೀಸೆಯ ಆಯಿಲಿನಲ್ಲಿ ಮುಳುಗಿರಬೇಕಾದದ್ದು, ಮೇಲೆದ್ದದ್ದನ್ನೂ ಅವನು ನೋಡಲಿಲ್ಲ. ಮೇಷ್ಟ್ರು ಇನ್ನೊಂದು ಸಲ ಹಾಗೇ ಮಾಡಿದರು. ಮತ್ತೂ ಒಂದು ಸಲ. ಅವನು ನಿಪ್ಪಲ್ ಬಿಗಿದ ಮೇಲೆ ಪೆಡಲನ್ನು ಪಟಪಟನೆ ಒತ್ತಿ, “ಗಟ್ಟಿ ಇದೆ” ಎಂದರು.

ಅಂಗಳ ದಾಟುವಷ್ಟರಲ್ಲಿ ಅವನ ಬ್ರೇಕು ಕೈಕೊಡಲಿ, ಮಾನ ಹೋಗಲಿ, ಭೂತಗನ್ನಡಿ ಹಿಡಿದವನ ಕೈಗುಣ ಅತ್ತೆಯ ಕಣ್ಣಿಗೆ ಬೀಳಲಿ ಎಂದಷ್ಟೇ ಅಂದುಕೊಂಡಿದ್ದೆ ಎಂದು ಮೇಷ್ಟ್ರು ತಮಗೆ ತಾವೇ ಹೇಳಿಕೊಂಡರು. ಗೇಟಿನಾಚೆ ರಸ್ತೆ ಒಂದೇ ಸಮನೆ ಇಳಿದು ಬಸ್ಸು ಲಾರಿಗಳ ನಡುವೆ ಹೋಗಿ ಸೇರುತ್ತದೆ ಎಂಬುದು ತಲೆಗೆ ಹೊಳೆಯಲಿಲ್ಲ ಎಂದೂ ಹೇಳಿಕೊಂಡರು. ಹೊಳೆದಿತ್ತು.

ಭಾನುವಾರ ಎರಡೂ ಮನೆಯವರು ಅಂಗಳದಲ್ಲಿ ಸೇರಿದ್ದರು. ಕನ್ನಡಕದವನು ಇಸ್ತ್ರಿ ಅಂಗಿ ತೊಟ್ಟು ಕಾರಿನೊಳಗೆ ಕೂತ. ಎಂಜಿನ್ ಒಂದೇ ಏಟಿಗೆ ಗುರುಗುಟ್ಟಿತು. ಅಕ್ಕತಂಗಿಯರಿಬ್ಬರೂ ಚಪ್ಪಾಳೆ ತಟ್ಟಿದರು. ಹಳದಿ ಮೆಲ್ಲಗೆ ಷೆಡ್ಡಿನಿಂದ ಹೊರಗೆ ಬಂದಾಗ ಬಿಸಿಲು ಅದರ ಬೆನ್ನ ಮೇಲೆ ಹರಿಯಿತು. ಮೇಷ್ಟ್ರು ಕಣ್ಣು ಕೀಳದೆ ನೋಡಿದರು. ಇಷ್ಟು ಚಂದ ಇದೆಯೇ ಇದು? ಅವರು ಗೇಟಿನ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ಗೇಟು ಹಾರುಹೊಡೆದಿತ್ತು.

ಆಗ ಅತ್ತೆ ಜಗಲಿಯಿಂದ ಇಳಿದರು. “ತಡೀರಿ, ನಾನೂ ಬರ್ತೀನಿ. ಆ ಸೀಟಲ್ಲಿ ಕೂತು ಎಷ್ಟು ದಿನ ಆಯ್ತು!”

ಕನ್ನಡಕದವನು ಹ್ಯಾಂಡ್‌ಬ್ರೇಕ್ ಎಳೆದು, ಹಲ್ಲು ಕಿರಿದು ಬಾಗಿಲು ತೆಗೆದ. ಅತ್ತೆ ಸೊಂಟ ಹಿಡಿದುಕೊಂಡು ಆ ತಗ್ಗಿನ ಸೀಟಿನೊಳಗೆ ಇಳಿದು ಕೂತರು.

ಆ ಮನೆಯಲ್ಲಿ ಮೇಷ್ಟ್ರನ್ನು ಚಾಕ್‌ಪೀಸು ಎನ್ನದೆ, ಮಾಸ್ತರಿಕೆಯನ್ನು ಹಂಗಿಸದೆ, ಬಂದಾಗಲೆಲ್ಲ ‘ಊಟ ಆಯ್ತಾ?’ ಎಂದು ಕೇಳಿದ್ದ ಜೀವ ಅದೊಂದೇ.

“ಇಳೀರಿ ಅತ್ತೆ!” ಎಂದು ಓಡಿಬಂದರು. “ಇಳೀರಿ, ಬ್ರೇಕ್ ಇಲ್ಲ ಅದಕ್ಕೆ!”

“ಶುರುವಾಯ್ತು ನೋಡಿ” ಎಂದ ಕನ್ನಡಕದವನು. ಪೆಡಲನ್ನು ನಾಲ್ಕು ಸಲ ಒತ್ತಿ ತೋರಿಸಿದ. “ಕಲ್ಲಿನ ಹಾಗಿದೆ.”

“ಹಾಗೆ ಪಂಪ್ ಮಾಡಿದ್ರೆ ಗಟ್ಟಿ ಅನ್ಸುತ್ತೆ, ಆಮೇಲೆ ಇಳಿದುಹೋಗುತ್ತೆ! ನಾನು ನಿನ್ನೆ ಕಾಲು ಬಿಟ್ಟೆ, ಬಿಗಿಯೋಕೆ ಮುಂಚೆ. ಬೇಕು ಅಂತಲೇ ಬಿಟ್ಟೆ!”

ಮೇಷ್ಟ್ರ ಹೆಂಡತಿಯೇ ಮೊದಲು ಬಾಯಿ ತೆರೆದಳು. “ಥೂ, ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಡ್ವೇನ್ರೀ? ಅಮ್ಮ ಖುಷಿಯಾಗಿ ಕೂತಿರೋವಾಗ ಇದೇನು ಅಪಶಕುನದ ಮಾತು!”

“ಬಿಡು, ಪಾಪ” ಎಂದು ಅವಳ ಅಕ್ಕ ಮೂಗು ಮುರಿದಳು.

ಹ್ಯಾಂಡ್‌ಬ್ರೇಕ್ ಕೆಳಗಿಳಿಯಿತು. ಕಾರು ಹೊರಟಿತು. ಬೀಗದಕೈ ಕಿತ್ತುಕೊಳ್ಳಲು ಮೇಷ್ಟ್ರು ಒಳಗೆ ಕೈ ಹಾಕಿದರೆ ಕನ್ನಡಕದವನು ಅದರ ಮೇಲೆ ಫಟ್ಟನೆ ಹೊಡೆದ. ಮುಂದೆ ಗೇಟು, ಗೇಟಿನಾಚೆ ಇಳಿಜಾರು. ಮೇಷ್ಟ್ರು ಕಾರಿಗಿಂತ ಮುಂದೆ ಓಡಿದರು. ಕಬ್ಬಿಣದ ಎರಡೂ ಬಾಗಿಲುಗಳನ್ನು ಎಳೆದು, ಚಿಲಕ ಜಡಿದು, ಪಕ್ಕಕ್ಕೆ ಹಾರಿಕೊಂಡರು.

ಹಳದಿಯ ಉದ್ದ ಮೂತಿ ಗೇಟಿಗೆ ಹೋಗಿ ಬಡಿಯಿತು. ಅಷ್ಟೇನೂ ವೇಗವಿರಲಿಲ್ಲ. ಆದರೂ ಫೈಬರ್ ನಡುಮಧ್ಯಕ್ಕೆ ಸೀಳಿತು, ಒಂದು ದೀಪ ಕಿತ್ತು ನೇತಾಡಿತು. ಮೇಷ್ಟ್ರು ವರ್ಷಾನುಗಟ್ಟಲೆ ಅಂಗೈಯಲ್ಲಿ ಸವರಿದ್ದ ಜಾಗವೇ ಅದು. ಚೂರುಗಳು ಅವರ ಕಾಲ ಬಳಿ ಬಂದು ಬಿದ್ದವು.

ಹೆಣ್ಣುಮಕ್ಕಳು ಕಿರುಚಿಕೊಂಡು ಬಂದು ಅತ್ತೆಯನ್ನು ಇಳಿಸಿದರು. ಮಂಡಿ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಅತ್ತೆ ಗೇಟಿಗೆ ಒರಗಿ, ಉಸಿರು ಸುಧಾರಿಸಿಕೊಂಡು, ದೊಡ್ಡ ಅಳಿಯನನ್ನು ಕೇಳಿದರು. “ನೀವು ಹೇಳಿ. ಬ್ರೇಕ್ ಹಿಡೀತಾ, ಇಲ್ವಾ?”

ಕನ್ನಡಕದವನ ಮುಖ ಸುಣ್ಣದಂತಾಗಿತ್ತು. ಕೊಲೆಗಾರ ಎಂದು ತನ್ನ ಮೇಲೆ ಬೀಳುತ್ತಾನೆ ಎಂದು ಮೇಷ್ಟ್ರು ಕಾದರು. ಅವನು ಅಂಗಿ ಸರಿಮಾಡಿಕೊಂಡ. “ಹಿಡೀದೆ ಏನು? ಚೆನ್ನಾಗೇ ಹಿಡೀತು. ಮೂಗಿನ ಮುಂದೆ ಗೇಟು ಹಾಕಿದ್ರೆ ಯಾರ ಕಾರು ತಾನೇ ನಿಲ್ಲುತ್ತೆ? ಇವನ ಹೊಟ್ಟೆಉರಿಗೆ ಮಾವನ ಕಾರು ಹಾಳಾಯ್ತು, ಅಷ್ಟೇ.”

ಅವನು ತನ್ನನ್ನು ಉಳಿಸಿದನೇ ಎಂದು ಮೇಷ್ಟ್ರಿಗೆ ಒಂದು ಗಳಿಗೆ ಭ್ರಮೆಯಾಯಿತು. ಮರುಗಳಿಗೆ ಅರ್ಥವಾಯಿತು. ನಿನ್ನೆ ಚಕ್ರದ ಬಳಿ ಮಲಗಿದ್ದವನು ಅವನೇ. ತನ್ನ ಕೈಕೆಲಸದಲ್ಲಿ, ತನ್ನ ಕಣ್ಣ ಮುಂದೆಯೇ ಗಾಳಿ ಸೇರಿತು ಎಂದು ಈ ಚಾಕ್‌ಪೀಸಿನ ಎದುರು ಒಪ್ಪಿಕೊಳ್ಳುವುದಕ್ಕಿಂತ ಸಾಯುವುದೇ ಮೇಲು ಅನಿಸಿತ್ತು ಆ ಪುಣ್ಯಾತ್ಮನಿಗೆ.

“ನಾನು ನಿಮ್ಮ ಪಕ್ಕದಲ್ಲೇ ಕೂತಿದ್ದೆ” ಎಂದರು ಅತ್ತೆ. “ನಿಮ್ಮ ಕಾಲು ನೋಡಿದೆ. ಪೆಡಲು ಹೋಗಿ ನೆಲಕ್ಕೆ ಕೂತಿತು, ಕಾರು ಹಾಗೇ ಓಡ್ತಾ ಇತ್ತು. ನಿಮ್ಮ ಮಾವನ ಜತೆ ಅದೇ ಸೀಟಲ್ಲಿ ಅರ್ಧ ಆಯುಸ್ಸು ಕಳೆದವಳು ನಾನು. ಬ್ರೇಕ್ ಹಿಡಿದದ್ದು ಯಾವುದು, ಹಿಡೀದೇ ಇದ್ದದ್ದು ಯಾವುದು ನನಗೆ ಗೊತ್ತಾಗಲ್ವಾ?”

ಅತ್ತೆ ಕಾರಿನೊಳಗೆ ಬಗ್ಗಿ ಬೀಗದಕೈ ತೆಗೆದುಕೊಂಡರು. ಅದನ್ನು ಹಿಡಿದುಕೊಂಡೇ ಮೇಷ್ಟ್ರ ಕಡೆ ತಿರುಗಿದರು. ನಾಚಿಕೆಗೆಟ್ಟ ಮನಸ್ಸು! ಅಷ್ಟೆಲ್ಲ ಆದ ಮೇಲೂ ಮೇಷ್ಟ್ರಿಗೆ ಆಸೆ ಚಿಗುರಿತು. ಅವನ ಸುಳ್ಳು ಬಯಲಾಯಿತು, ಕೊನೆಗೂ ಬಯಲಾಯಿತು. ಕಾರು ಇನ್ನು ನನ್ನದೇ. ಮೂತಿಯನ್ನು ಜೋಡಿಸಬಹುದು, ಪುಟ್ಟಿ ಹಚ್ಚಬಹುದು, ತಿಕ್ಕಬಹುದು. ಅವರ ಕೈ ಅರ್ಧ ಮುಂದೆ ಬಂದಿತ್ತು.

“ನೀವು ನನ್ನ ಜೀವ ಉಳಿಸಿದ್ರಿ. ಇಲ್ಲ ಅನ್ನಲ್ಲ” ಎಂದರು ಅತ್ತೆ. “ಆದರೆ ಅವರು ಸ್ಟಾರ್ಟ್ ಮಾಡಿ ಹೊರಗೆ ಬಂದಾಗ ನೀವು ಇಲ್ಲೇ ಕೈಕಟ್ಟಿ ನಿಂತಿದ್ರಿ. ನಾನು ಹತ್ತಿದ ಮೇಲೆ ಕೂಗಿದ್ರಿ. ಒಂದು ಮಾತು ಹೇಳಿ. ನಾನು ಜಗಲಿ ಮೇಲೇ ಇದ್ದಿದ್ರೆ, ಅವರೊಬ್ಬರೇ ಗೇಟು ದಾಟ್ತಾ ಇದ್ದಿದ್ರೆ, ನೀವು ಬಾಯಿ ಬಿಡ್ತಿದ್ರಾ?”

ಬಿಡ್ತಿದ್ದೆ ಎಂದು ಹೇಳಿದರೆ ಮುಗಿಯಿತು. ಒಂದೇ ಮಾತು. ಮೇಷ್ಟ್ರು ತುಟಿ ತೆರೆದರು. ಕನ್ನಡಕದವನು ತಲೆಯೆತ್ತಿ ಅವರನ್ನೇ ನೋಡುತ್ತಿದ್ದ. ಅವನ ಹೆಂಡತಿ ಗಂಡನ ತೋಳನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಮೇಷ್ಟ್ರ ಹೆಂಡತಿಯೂ ನೋಡುತ್ತಿದ್ದಳು. ಹೇಳಿ, ಬೇಗ ಹೇಳಿ ಎಂದು ಅವಳ ಕಣ್ಣು ಬೇಡುತ್ತಿತ್ತು.

ಅರ್ಧ ಮುಂದೆ ಬಂದಿದ್ದ ಕೈಯನ್ನು ಮೇಷ್ಟ್ರು ಹಿಂದಕ್ಕೆ ಎಳೆದುಕೊಂಡರು. ಅತ್ತೆ ಬೀಗದಕೈ ಹಿಡಿದುಕೊಂಡೇ ಕುಂಟುತ್ತ ಒಳಗೆ ಹೋದರು. ಮೇಷ್ಟ್ರ ಹೆಂಡತಿ, ಗಂಡನ ಮುಖ ನೋಡದೆ, ತಾಯಿಯ ಹಿಂದೆಯೇ ಹೋದಳು.