ಬಿಡು ಅನ್ನೋ ಮಾತು

ಮಾಲೂರಿನ ಹೆಂಚಿನ ಗೋದಾಮಿಗೆ ಫೋರ್ಕ್‌ಲಿಫ್ಟ್ ಗಾಡಿ ಬಂದದ್ದು ಎಂಬತ್ನಾಲ್ಕನೇ ಇಸವಿಯಲ್ಲಿ. ಮುಂದೆ ಎರಡು ಕಬ್ಬಿಣದ ತೋಳು ಚಾಚಿಕೊಂಡು, ಹತ್ತಾಳು ಹೊರುವ ಹೆಂಚನ್ನು ಒಂದೇ ಸಲಕ್ಕೆ ಎತ್ತಿ ಅಟ್ಟಿಯ ಮೇಲಿಡುವ ಗಾಡಿ. ಅದನ್ನು ಲಾರಿಯಿಂದ ಇಳಿಸಿದ ದಿನ ಹಮಾಲರೆಲ್ಲ ಮಂಕಾಗಿ ನಿಂತಿದ್ದರು. ಕ್ಯಾಲನೂರಿನ ಚನ್ನರಾಯಪ್ಪ ಒಬ್ಬನೇ ಸುತ್ತ ಬಂದು ನೋಡಿ, ಸೀಟಿನ ಮೇಲೆ ಕೈಯಾಡಿಸಿದ. ತೂಕ ಎಲ್ಲಿ ಕೂರಬೇಕು, ಅಟ್ಟಿ ಯಾವಾಗ ವಾಲುತ್ತೆ ಅನ್ನೋದು ಅವನ ಹೆಗಲಿಗೇ ಗೊತ್ತಿತ್ತು. ಈ ಗಾಡಿ ನನಗೆ ಒಲಿಯುತ್ತೆ ಅಂತ ಅವತ್ತೇ ಅನ್ನಿಸಿಬಿಟ್ಟಿತು.

ಮ್ಯಾನೇಜರು ಅದನ್ನು ಗಮನಿಸಿದ್ದರು. "ಎಲ್ಲಾದ್ರೂ ಕಲ್ತು ಸರ್ಟಿಫಿಕೇಟ್ ತಗೊಂಡ್ ಬಾ, ಸೀಟು ನಿಂದೇ. ಆದ್ರೆ ಒಂದು ವಾರ, ಹೆಚ್ಚು ಅಂದ್ರೆ ಹತ್ತು ದಿನ ಕಾಯ್ತೀನಿ. ಆಮೇಲೆ ಬೆಂಗಳೂರಿಂದ ಡ್ರೈವರನ್ನ ಕರೆಸೋದೇ" ಅಂದರು.

ಕಲಿಸುವ ಜಾಗ ಎರಡಿದ್ದವು. ಕೋಲಾರದಲ್ಲಿ ಸೊಣ್ಣಪ್ಪನ ಡ್ರೈವಿಂಗ್ ಸ್ಕೂಲು, ಒಂದು ವಾರದ್ದು. ಮುಳಬಾಗಿಲಲ್ಲಿ ದೊಡ್ಡಮುನಿಯಪ್ಪ ಅನ್ನೋ ವಯಸ್ಸಾದವರ ಶೆಡ್ಡು, ಒಂದು ತಿಂಗಳದ್ದು. ಚನ್ನರಾಯಪ್ಪ ಎರಡನ್ನೂ ನೋಡೇ ಸೇರೋದು ಅಂದ. ಜೊತೆಗೆ ಹೆಂಡತಿಯ ತಮ್ಮ ಮುನಿಶಾಮಿ ಹೊರಟ. ಅವನೂ ಅದೇ ಗೋದಾಮಿನ ಹಮಾಲಿ.

"ನಮ್ಮಕ್ಕನ್ನ ನೋಡೋಕೆ ಬಂದಾಗ ಇಷ್ಟು ಯೋಚ್ನೆ ಮಾಡ್ಲಿಲ್ವಲ್ಲ ಬಾವ" ಅಂದ ಬಸ್ಸಿನಲ್ಲಿ.

"ಅದಕ್ಕೇ ಕಣೋ ನೀನು ಗಂಟುಬಿದ್ದಿದ್ದು."

ಸೊಣ್ಣಪ್ಪ ಒಳ್ಳೇ ಮಾತುಗಾರ. ಕಾಫಿ ತರಿಸಿದ, ಗೋಡೆ ಮೇಲೆ ಸಾಲಾಗಿ ಹಾಕಿದ್ದ ಫೋಟೋ ತೋರಿಸಿದ. ಇವರೆಲ್ಲ ನಮ್ಮಲ್ಲಿ ಕಲ್ತು ಈಗ ಕೆಲಸದಲ್ಲಿದಾರೆ ಅಂದ. ಹಿಂದಿನ ಮೈದಾನದಲ್ಲಿ ಮಂಡಿಯ ಹಮಾಲಿ ಒಬ್ಬ ಗಾಡಿ ಕಲಿಯುತ್ತಿದ್ದ. ರಾಗಿ ಮೂಟೆಗಳನ್ನು ಆಳೆತ್ತರಕ್ಕೆ ಎತ್ತಿ ನಿಲ್ಲಿಸಿದ್ದ. ಇನ್ನು ಗಾಡಿ ಮುಂದಕ್ಕೆ ಹೋಗಬೇಕು.

"ಬಿಡಪ್ಪ, ಬಿಡು" ಅಂದ ಸೊಣ್ಣಪ್ಪ.

ಡ್ರೈವರುಗಳ ಬಾಯಲ್ಲಿ ಬಿಡು ಅಂದರೆ ಗಾಡಿ ಓಡಿಸು ಅಂತ. ಹಮಾಲರ ಬಾಯಲ್ಲಿ ಬಿಡು ಅಂದರೆ ಹೊರೆ ಕೆಳಗೆ ಹಾಕು ಅಂತ. ಮೇಲೆ ಕೂತವನ ಕೈ ಇಳಿಸುವ ಹಿಡಿಯನ್ನೇ ಎಳೆಯಿತು. ಮೂಟೆಗಳು ದಬಾರನೆ ಬಂದು ನೆಲಕ್ಕೆ ಬಡಿದವು. ಒಂದು ಮೂಟೆ ಸೀಳಿ ರಾಗಿ ಚೆಲ್ಲಿತು. ಹತ್ತಿರ ಯಾರೂ ಇರಲಿಲ್ಲ, ಪುಣ್ಯ. ನಿಂತವರೆಲ್ಲ ನಕ್ಕರು, ಕೂತವನೂ ನಕ್ಕ. "ಕಲಿಯೋವಾಗ ಇದೆಲ್ಲ ಇದ್ದಿದ್ದೇ" ಅಂತ ಸೊಣ್ಣಪ್ಪನೂ ನಕ್ಕ.

ಚನ್ನರಾಯಪ್ಪ ನಗಲಿಲ್ಲ. ಆ ಮಾತು ಕಿವಿಗೆ ಬಿದ್ದ ಕೂಡಲೇ, ಹೊರೆಯೇ ಇಲ್ಲದೆ ನಿಂತಿದ್ದ ಅವನ ಬಲಹೆಗಲೂ ತಾನಾಗೇ ಕೆಳಕ್ಕೆ ಜಾರಿತ್ತು. ಸೀಟಿನ ಮೇಲೆ ನಾನಿದ್ದಿದ್ದರೂ ಆ ಹಿಡಿಯನ್ನೇ ಎಳೀತಿದ್ದೆ ಅಂತ ಅವನಿಗೆ ಗೊತ್ತಾಯಿತು.

"ನಡಿಯೋ, ಮುಳಬಾಗಿಲಿಗೆ ಹೋಗೋಣ."

"ಸೇರ್ಕೊಳೋದು ಬಿಟ್ಟು?" ಅಂದ ಮುನಿಶಾಮಿ. "ವಾರದಲ್ಲಿ ಮುಗಿಯುತ್ತೆ, ಸೀಟು ಸಿಗುತ್ತೆ."

"ಅಲ್ಲಿ ಒಂದು ಮಾತು ಕೇಳ್ಬೇಕು."

ದೊಡ್ಡಮುನಿಯಪ್ಪ ಶೆಡ್ಡಿನ ಮುಂದೆ ಗಾಡಿಯ ಸರಪಣಿಗೆ ಗ್ರೀಸು ಹಚ್ಚುತ್ತಿದ್ದರು. ಕಾಫಿಯೂ ಇಲ್ಲ, ಫೋಟೋನೂ ಇಲ್ಲ.

"ಯಜಮಾನ್ರೇ, ಹೊರೆ ಮೇಲಿದ್ದಾಗ ಗಾಡಿ ಮುಂದಕ್ಕೆ ಹೋಗ್ಬೇಕು ಅಂದ್ರೆ ನೀವು ಏನಂತೀರಾ?" ಕೇಳಿದ ಚನ್ನರಾಯಪ್ಪ.

"ಏನೂ ಅನ್ನಲ್ಲ" ಅಂದರು ಅವರು ತಲೆಯೆತ್ತದೆ. "ತೆಲುಗೋರು ಬರ್ತಾರೆ, ತಮಿಳೋರು ಬರ್ತಾರೆ, ಸಾಬರು ಬರ್ತಾರೆ. ಇಂಜಿನ್ ಸದ್ದಲ್ಲಿ ಯಾರಿಗೆ ಯಾವ್ ಮಾತು ಹೆಂಗೆ ಕೇಳ್ಸುತ್ತೋ ಯಾರಿಗ್ಗೊತ್ತು ನಾಯನಾ. ಹೊರೆ ಮೇಲಿದ್ರೆ ಬಾಯಿ ಮುಚ್ಚಿರ್ಬೇಕು. ಕೈ ನೋಡ್ಬೇಕು." ಎದ್ದು ನಿಂತು, ಗ್ರೀಸಿನ ಕೈಯನ್ನೇ ಎತ್ತಿ ತೋರಿಸಿದರು. ಇದು ಎತ್ತು, ಇದು ಇಳಿಸು, ಇದು ಮುಂದೆ, ಇದು ನಿಲ್ಲು. "ಮೊದಲನೇ ವಾರ ಪೂರ್ತಿ ಇಷ್ಟೇ. ಸೀಟು ಮುಟ್ಟಂಗಿಲ್ಲ."

"ಒಂದು ವಾರ ಬರೀ ಕೈ ಆಡ್ಸೋದಾ?" ಅಂದ ಮುನಿಶಾಮಿ. "ಅಷ್ಟರಲ್ಲಿ ಕೋಲಾರದಲ್ಲಿ ಸರ್ಟಿಫಿಕೇಟೇ ಕೊಟ್ಟುಬಿಡ್ತಾರೆ."

"ಹಂಗಾದ್ರೆ ಅಲ್ಲಿಗೇ ಹೋಗಿ" ಅಂತ ದೊಡ್ಡಮುನಿಯಪ್ಪ ಮತ್ತೆ ಸರಪಣಿ ಹಿಡಿದರು.

ಚನ್ನರಾಯಪ್ಪ ಹೋಗಲಿಲ್ಲ. "ಸೋಮವಾರ ಬರ್ತೀನಿ ಯಜಮಾನ್ರೇ" ಅಂತ ಹೇಳಿ ಬಸ್ಸು ಹತ್ತಿದ.

ಮಾರನೇ ದಿನ ಮ್ಯಾನೇಜರ ಮುಂದೆ ನಿಂತು, ತಿಂಗಳು ಬೇಕು ಸಾರ್ ಅಂದ. ಅವರಿಗೆ ಸಿಟ್ಟೇ ಬಂತು.

"ಸೀಟು ಇಟ್ಕೊಂಡಿರೋಕಾಗಲ್ಲ ಚನ್ನರಾಯಪ್ಪ."

"ಇಡ್ಬೇಡಿ ಸಾರ್. ಕಲ್ತು ಬಂದು ಕೇಳ್ತೀನಿ."

ಹೆಂಡತಿ ಅಶ್ವತ್ಥಮ್ಮನಿಗೆ ಈ ಸುದ್ದಿ ಮುಟ್ಟಿಸಿದವನು ಮುನಿಶಾಮಿಯೇ. ಅವಳು ರೊಟ್ಟಿ ಸುಡುತ್ತಾ, "ಕೈಗೆ ಬಂದಿದ್ದನ್ನ ಯಾಕೆ ದೂರ ತಳ್ತೀಯ?" ಅಂತ ಗಂಡನನ್ನು ಕೇಳಿದಳು.

"ತಳ್ತಿಲ್ಲ ಕಣೇ. ಹೊರೆ ಕೆಳಗೆ ನಿನ್ನ ತಮ್ಮನೇ ನಿಂತಿರ್ತಾನೆ" ಅಂದ. ಅವಳು ಸೋಮವಾರ ಬುತ್ತಿ ಕಟ್ಟಿದಳು.

ತಿಂಗಳು ಕಳೆದು ಬಂದಾಗ ಬೆಂಗಳೂರಿನವನು ಸೀಟಿನಲ್ಲಿದ್ದ. ಚನ್ನರಾಯಪ್ಪ ಸರ್ಟಿಫಿಕೇಟನ್ನು ಮ್ಯಾನೇಜರಿಗೆ ತೋರಿಸಿ, ಟವೆಲ್ಲು ತಲೆಗೆ ಸುತ್ತಿ, ಮತ್ತೆ ಹೆಂಚು ಹೊರೋಕೆ ನಿಂತ. ಮುಖ ಸಣ್ಣದು ಮಾಡಿಕೊಳ್ಳಲಿಲ್ಲ. ಕಲಿತದ್ದು ಕೈಯಲ್ಲಿದೆ, ಅದನ್ನು ಯಾರೂ ಕಿತ್ತುಕೊಳ್ಳೋಕಾಗಲ್ಲ ಅನ್ನೋ ಧೈರ್ಯ ಅವನಿಗೆ. ಆ ವರ್ಷದ ಬೇಸಿಗೆಗೆ ಪಕ್ಕದಲ್ಲೇ ಇನ್ನೊಂದು ಗೋದಾಮು ಎದ್ದಿತು, ಇನ್ನೊಂದು ಗಾಡಿ ಬಂತು. ಮ್ಯಾನೇಜರು ಬೆಂಗಳೂರಿಗೆ ಹೇಳಿಕಳಿಸಲಿಲ್ಲ. ಅವನನ್ನೇ ಕರೆದರು.

ಮೊದಲ ದಿನ ಚನ್ನರಾಯಪ್ಪ ಬಂದವನೇ ಸೀಟು ಹತ್ತಲಿಲ್ಲ. ಹಮಾಲರನ್ನೆಲ್ಲ ಗೋಡೆಯ ನೆರಳಿಗೆ ಕರೆದು ಸಾಲಾಗಿ ನಿಲ್ಲಿಸಿ, ಕೈಸನ್ನೆ ತೋರಿಸಿಕೊಟ್ಟ.

"ಇದೇನು ಬಾವ, ಸ್ಕೂಲ್ ಡ್ರಿಲ್ಲಾ?" ಅಂತ ಮುನಿಶಾಮಿ ನಗಾಡಿದ.

"ಹೂಂ. ನೀನು ಇನ್ನೊಂದು ಸಲ ಮಾಡು, ತಪ್ಪಿದೆ."

ಮುನಿಶಾಮಿ ನಗುತ್ತಲೇ ಮತ್ತೊಮ್ಮೆ ಮಾಡಿದ. ಎಲ್ಲರದೂ ಸರಿಬಂದ ಮೇಲೆ ಚನ್ನರಾಯಪ್ಪ ಚಪ್ಪಲಿ ಕೆಳಗೆ ಬಿಟ್ಟು, ಗಾಡಿಗೆ ಕೈ ಮುಗಿದು, ಹತ್ತಿ ಕೂತ.