ಬೆಟ್ಟ ಇಳಿದ ದಿನ

ಹಿತ್ತಲ ಬಾಗಿಲು ಕಚ್ಚಿಕೊಂಡಿತ್ತು. ಅಕ್ಕ ಒಳಗಿನಿಂದ ಭುಜ ಕೊಟ್ಟು ನೂಕಿದಳು, ತಂಗಿ ಹೊರಗಿನಿಂದ ಎಳೆದಳು. ಅಂತೂ ಒಬ್ಬರು ನುಸುಳುವಷ್ಟು ಸಂದಿಯಾಯಿತು.

"ನಿನ್ನೆವರೆಗೂ ಸರಿ ಇತ್ತು. ಮರ ಉಬ್ಬಿರ್ಬೇಕು," ಎಂದಳು ಅಕ್ಕ.

ಮಳೆಯಾಗಿ ತಿಂಗಳುಗಳೇ ಕಳೆದಿದ್ದವು. ಯಾವ ಮರವೂ ಉಬ್ಬಿರಲಿಲ್ಲ, ಅಡಿಯ ನೆಲ ವಾಲಿ ಚೌಕಟ್ಟೇ ಓರೆಯಾಗಿತ್ತು. ಅದನ್ನು ನೋಡಲೆಂದೇ ತಂಗಿ ಬಂದಿದ್ದಳು. ಊರ ಹಿಂದಿನ ಬೆಟ್ಟ ಒಂದು ಜ್ವಾಲಾಮುಖಿ. ಅದರ ಮೈಮೇಲೆ ಅಲ್ಲಲ್ಲಿ ಹೂತಿಟ್ಟ ಯಂತ್ರಗಳು ನೆಲ ಎಷ್ಟು ಉಬ್ಬಿತು, ಯಾವ ಕಡೆ ವಾಲಿತು ಎಂದು ಹೇಳುತ್ತವೆ. ಒಳಗೆ ಕರಗಿದ ಕಲ್ಲು ಎತ್ತ ಹರಿಯುತ್ತಿದೆ ಎಂದು ಅದರಿಂದ ಊಹಿಸುವುದು ಅವಳ ಕೆಲಸ. ಹೊಟ್ಟೆ ಮುಟ್ಟಿ ಹೇಳುವ ಸೂಲಗಿತ್ತಿಯ ಕೆಲಸ ಎನ್ನೋಣ. ಆದರೆ ಸೂಲಗಿತ್ತಿಯಾದರೋ ಕೊನೆಗೊಂದು ಮಗುವನ್ನು ತೋರಿಸುತ್ತಾಳೆ.

ಹೋದ ವರ್ಷ ಬೆಟ್ಟದ ತುದಿ ಉಬ್ಬಿದಾಗ ಮನೆಮನೆಯ ಬಾಗಿಲು ತಟ್ಟಿ ಊರು ಖಾಲಿ ಮಾಡಿಸಿದವಳು ಇವಳೇ. ಬೆಟ್ಟ ಕೆಮ್ಮಲೂ ಇಲ್ಲ. ಒಳಗೆ ಏರುತ್ತಿದ್ದ ಕಲ್ಲಿನ ಕುದಿ ನಡುವೆಯೇ ನಿಂತುಬಿಟ್ಟಿತು. ಊರು ಬಿಟ್ಟವರನ್ನು ಇರಿಸಿದ್ದ ಶಾಲೆಯ ಹಜಾರದಲ್ಲಿ, ಅಪರಿಚಿತರ ನಡುವೆ ಚಾಪೆಯ ಮೇಲೆ, ಭಾವ ಎದೆ ಹಿಡಿದುಕೊಂಡು ತೀರಿಕೊಂಡರು. ಹತ್ತಿರದ ಆಸ್ಪತ್ರೆಗೂ ಇವಳ ಮಾತಿನಿಂದಲೇ ಬೀಗ ಬಿದ್ದಿತ್ತು. ಅಂದಿನಿಂದ ಅಂಗಡಿ ಮುಂದೆ ಕೂತವರ ಬಾಯಲ್ಲಿ ಇವಳು 'ತೋಳ ಬಂತಮ್ಮ'. ಅಕ್ಕ ಮಾತ್ರ ಬೈಯಲಿಲ್ಲ, ಅಳಲೂ ಇಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಪಕ್ಕದ ಮನೆಯ ದರ್ಜಿ ಗೋಡೆಯಾಚೆಯಿಂದ ತಲೆ ಎತ್ತಿದ. "ಏನ್ರೀ ತೋಳ ಬಂತಮ್ಮಾ, ಬೆಟ್ಟದ ಉಬ್ಬು ಇಳೀತಂತಲ್ಲ! ಉಬ್ಬಿದ್ರೆ ಅಪಾಯ ಅಂತ ನೀವೇ ಹೇಳಿದ್ದು. ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು, ಬಿಡಿ."

ಅಷ್ಟನ್ನೇ ಹೇಳಿಕೊಟ್ಟಿದ್ದು ಅವಳ ತಪ್ಪು. ಉಬ್ಬುವುದರ ಬಗ್ಗೆ ಊರಿಗೆಲ್ಲ ಪಾಠ ಮಾಡಿದವಳು ಇಳಿಯುವುದರ ಬಗ್ಗೆ ತುಟಿ ಬಿಚ್ಚಿರಲಿಲ್ಲ.

"ದಿಂಬಿನ ಒಂದು ತುದಿ ಅದುಮಿದ್ರೆ ಹತ್ತಿ ಎಲ್ಲಿಗೆ ಹೋಗುತ್ತೆ?" ಎಂದು ಕೇಳಿದಳು.

"ಇನ್ನೊಂದು ತುದಿಗೆ. ಇದೇನು ಒಗಟಾ?"

"ತುದಿಯಲ್ಲಿದ್ದದ್ದು ಒಳಗೊಳಗೇ ಈ ಕಡೆಗೆ ಹರೀತಿದೆ. ನಿಮ್ಮ ಮನೆ ಬಾಗಿಲು ಸರಿಯಾಗಿ ಹಾಕ್ಕೊಳ್ತಿದೆಯಾ?"

ದರ್ಜಿ ತನ್ನ ಬಾಗಿಲ ಕಡೆ ತಿರುಗಿ ನೋಡಿದ. ಆಮೇಲೆ ಹೆಂಡತಿಯನ್ನು ಕೂಗುತ್ತ ಒಳಗೋಡಿದ.

ಅಕ್ಕನನ್ನು ಒಪ್ಪಿಸಲು ತಂಗಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಒಂದೂ ಬೇಕಾಗಲಿಲ್ಲ. "ಹೊರಡಬೇಕು ಅಕ್ಕಾ," ಎಂದಳು. "ಸರಿ," ಎಂದು ಅಕ್ಕ ಒಲೆ ಆರಿಸಿದಳು, ಒಂದು ಚೀಲಕ್ಕೆ ಬಟ್ಟೆ ತುಂಬಿದಳು. ಭಾವನ ಕನ್ನಡಕವನ್ನು ಕೈಗೆತ್ತಿಕೊಂಡು, ಎಲ್ಲಿಡುವುದೆಂದು ತಿಳಿಯದೆ, ಇದ್ದಲ್ಲೇ ಇಟ್ಟಳು.

"ಈ ಸಲ ಬರುತ್ತಾ?"

ಖಂಡಿತ ಎಂಬ ಮಾತು ಅವಳ ಕಚೇರಿಯಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ಬರಬಹುದು ಎನ್ನಬೇಕು, ಸಾಧ್ಯತೆಯಿದೆ ಎನ್ನಬೇಕು.

"ಬರುತ್ತೆ," ಎಂದಳು ತಂಗಿ.

"ಬರ್ಲಿ. ಮನೆ ಹೋದ್ರೆ ಹೋಗ್ಲಿ." ಅಕ್ಕನ ದನಿಯಲ್ಲಿ ಏರೂ ಇರಲಿಲ್ಲ, ಇಳಿತವೂ ಇರಲಿಲ್ಲ. "ಈ ಸಲವಾದ್ರೂ ಬಂದ್ರೆ, ಅವರು ಸುಮ್‌ಸುಮ್ನೆ ಹೋಗ್ಲಿಲ್ಲ ಅಂದ್ಕೋತೀನಿ ಕಣೇ."

ತಂಗಿ ಚೀಲ ತೆಗೆದುಕೊಂಡು ಮುಂದೆ ನಡೆದಳು.

ಕಚೇರಿಯ ವ್ಯಾನಿನಲ್ಲಿ ನೆರೆಹೊರೆಯವರೆಲ್ಲ ತುಂಬಿ ಕಾಲಿಡಲು ಜಾಗವಿರಲಿಲ್ಲ. ದರ್ಜಿ ಹೊಲಿಗೆ ಯಂತ್ರವನ್ನು ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡಿದ್ದ. ಅಕ್ಕ ಹಿಂದಿನ ಸೀಟಿನ ಮೂಲೆ ಹಿಡಿದು ಬೆಟ್ಟದ ಕಡೆ ತಿರುಗಿ ಕೂತಳು. ಊರು ದಾಟಿ, ಸೇತುವೆ ದಾಟಿದ ಮೇಲೆ ತಂಗಿಯ ಫೋನ್ ಮಿಣುಕಿತು. ಸಹೋದ್ಯೋಗಿಯ ಸಂದೇಶ: ನೆಲ ವಾಲುವುದು ನಿಂತಿದೆ. ಎಲ್ಲ ಯಂತ್ರಗಳಲ್ಲೂ ಗೆರೆ ನೇರವಾಗಿದೆ. ಬಹುಶಃ ಈ ಸಲವೂ ನಡುವೆಯೇ ನಿಂತಿತು.

ಊರು ಉಳಿಯಿತೆಂದು ಸಂತೋಷವಾಗಬೇಕಿತ್ತು. ಏನೂ ಆಗಲಿಲ್ಲ. ಕೈಯಲ್ಲಿದ್ದ ಫೋನು ಯಾರದೋ ಅನ್ನಿಸಿತು.

"ಏನಂತೆ?" ದರ್ಜಿ ಕೇಳಿದ.

"ನೋಡ್ಬೇಕು," ಎಂದು ಅವಳು ಫೋನನ್ನು ಬೋರಲು ಹಾಕಿದಳು.

ಹಿಂದಿನ ಗಾಜು ಎಲ್ಲರ ಉಸಿರಿಗೆ ಮಬ್ಬಾಗುತ್ತಿತ್ತು. ಅಕ್ಕ ಅದನ್ನು ಅಂಗೈಯಿಂದ ಒರೆಸುವಳು, ನೋಡುವಳು, ಮಬ್ಬಾದರೆ ಮತ್ತೆ ಒರೆಸುವಳು. ಬೆಟ್ಟದ ಮೇಲೆ ಆಕಾಶ ತಿಳಿಯಾಗಿತ್ತು, ಒಂದೆಳೆ ಹೊಗೆಯೂ ಇರಲಿಲ್ಲ.