ನೀರು ಈ ಮನೆಯದು, ಬೆಲ್ಲ ಆ ಮನೆಯದು

ಹೊಲದ ಬದುವಿನ ಕಲ್ಲಿನ ಜಗಳಕ್ಕೆ ಮಗ ಯಮನೂರ ಕೊಡಲಿ ಮಸೆಯುವುದನ್ನು ಕಂಡು, ಬೀಟ್ ಪೊಲೀಸ್ ಕವಿತಾಗೆ ಫೋನು ಮಾಡಿದವಳು ದುರುಗವ್ವನೇ. ಈಗ ಕವಿತಾ ಬಂದು ಕಟ್ಟೆಯ ಮೇಲೆ ಕುಳಿತಾಗ ದುರುಗವ್ವನಿಗೆ ಭಯವಾಯಿತು. ಮಗನನ್ನೇ ಎಳೆದುಕೊಂಡು ಹೋದರೆ?

"ಬಿಸಲು ಭಾಳ ಐತಿ ದುರುಗವ್ವ, ನೀರು ಕೊಡ್ರಿ."

ದುರುಗವ್ವ ತಂಬಿಗೆ ತಂದಿಟ್ಟಳು. ಕವಿತಾ ಅದನ್ನು ಮುಟ್ಟಲಿಲ್ಲ. "ಬೆಲ್ಲ ಮಾತ್ರ ಕಳಕಮ್ಮನ ಮನಿದು ಬೇಕು," ಎಂದು ಎದುರು ಮನೆಗೆ ಕೇಳುವಂತೆ ಹೇಳಿದಳು.

ಕಲ್ಲು ಸರಿಸಿದನೆಂಬ ಆರೋಪವಿದ್ದದ್ದು ಕಳಕಮ್ಮನ ಮಗನ ಮೇಲೆಯೇ. ಅಂದಿನಿಂದ ಎರಡು ಮನೆಗಳ ನಡುವೆ ಮಾತಿರಲಿಲ್ಲ. ದುರುಗವ್ವ ಎದುರಿನ ಬಾಗಿಲನ್ನೇ ನೋಡುತ್ತ ನಿಂತಳು.

ಕೊನೆಗೆ ಎದುರಿನ ಬಾಗಿಲು ತೆರೆಯಿತು. ಕಳಕಮ್ಮ ಅಂಗೈಯಲ್ಲಿ ಬೆಲ್ಲ ಹಿಡಿದು ಬಂದಳು.

"ನೀರು ಒಂದ್ಕಡಿ, ಬೆಲ್ಲ ಒಂದ್ಕಡಿ. ಊಟ ಯಾರ ಮನ್ಯಾಗರಿ ಪೊಲೀಸವ್ವ?" ಎಂದಳು.

ಬಾಗಿಲಲ್ಲಿ ನಿಂತಿದ್ದ ಯಮನೂರನಿಗೂ ನಗು ತಡೆಯಲಾಗಲಿಲ್ಲ.

"ಬದು ಅಳಿಯಾಕ ಸರ್ವೇದವರು ನಾಳೆ ಬರ್ತಾರ, ನಾನೂ ಬಂದು ನಿಂದರ್ತೀನಿ," ಎಂದಳು ಕವಿತಾ, ಬೆಲ್ಲ ಕಡಿಯುತ್ತ. "ಅಲ್ಲಿತನಕ ಆ ಕೊಡಲಿ ಎಲ್ಲಿರ್ಬೇಕು ಯಮನೂರಾ?"

ಅವನು ತಾಯಿಯ ಮುಖ ನೋಡಿದ. ಒಳಗೆ ಹೋಗಿ ಕೊಡಲಿ ತಂದು, ಅದರ ಕಾವನ್ನು ಕಳಕಮ್ಮನ ಕಡೆಗೆ ಮಾಡಿ ನೀಡಿದ.

"ನಿಮ್ಮನ್ಯಾಗ ಇರ್ಲಿ ದೊಡ್ಡವ್ವ."

ದುರುಗವ್ವ ಇನ್ನೊಂದು ತಂಬಿಗೆ ನೀರು ತರಲು ಎದ್ದಳು, ಕಳಕಮ್ಮನಿಗೆ.